ಕಟ್ಟಿ ಒಯ್ದರೆ ಬುತ್ತಿ

ಅವ್ವ ತೀರಿಕೊಂಡ ದಿನ ಮೊದಲು ಬಂದದ್ದು ಬಬಲೇಶ್ವರದ ಅತ್ತೆಯ ಬುತ್ತಿ. ಆಮೇಲೆ ತಿಕೋಟಾದ ಸೋದರಮಾವನದು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆಂಟರು ಬುತ್ತಿ ತರುತ್ತಾರೆ. ಜೈನಾಪುರದ ನಮ್ಮ ಪಡಸಾಲೆಯಲ್ಲಿ ಗಂಟುಗಳು ಸಾಲಾಗಿ ಕೂತಿದ್ದವು. ಅಪ್ಪ ಒಂದನ್ನೂ ಮುಟ್ಟಲಿಲ್ಲ. ಬರೀ ಚಹಾ ಕುಡಿಯುತ್ತಿದ್ದ.

"ಯಣ್ಣಾ, ಒಂದ್ ತುತ್ತರ ಉಣ್ಣೋ," ಎಂದು ಅತ್ತೆ ಗೋಗರೆದಳು.

"ಹಸಿವಿಲ್ಲ ತಂಗಿ."

ನನಗೆ ಬೇರೊಂದು ಬುತ್ತಿ ನೆನಪಾಯಿತು. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಬಸುರಿ, ವಿಜಾಪುರದ ಗೋಳಗುಮ್ಮಟದ ಬಳಿ ಗಂಡನ ಮನೆಯಲ್ಲಿದ್ದೆ. ಕುಬಸದ ಸೀಮಂತಕ್ಕೆಂದು ಅವ್ವ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಹೊತ್ತು ಬಂದಿದ್ದಳು. ಬಸ್ಸಿನಲ್ಲಿ ಕಂಡಕ್ಟರ್, "ಯಮ್ಮಾ, ವಾಸನಿ ಅಷ್ಟ ಏನ್ ನಮಗ?" ಎಂದಿದ್ದನಂತೆ. ಅವ್ವ ಹೋಳಿಗೆ ಕೊಟ್ಟು, "ನಿನ್ನ ಹೆಂಡ್ತಿ ಬಸರಾಗ್ಲಿ ತಡಿಯಪ್ಪಾ, ಬುಟ್ಟಿಗಟ್ಲೆ ಬರ್ತಾವ," ಎಂದಿದ್ದಳು.

'ಭುಕ್ತಿ' ಎಂಬುದೇ ಬುತ್ತಿಯಾಯಿತು, ಅಂದರೆ ಊಟ ಎಂದು ಶಾಲೆಯಲ್ಲಿ ಮಾಸ್ತರರು ಕಲಿಸಿದ್ದರು. ಅದನ್ನು ಅವ್ವನಿಗೆ ಹೇಳಿದಾಗ ಅವಳು ಅಪ್ಪನಿಗೆ ಬುತ್ತಿ ಹೊತ್ತು ಹೊಲಕ್ಕೆ ಹೊರಟಿದ್ದಳು.

"ಹಂಗಾದ್ರ ತಾಟಿನಾಗಿಂದೂ ಬುತ್ತಿ ಏನವಾ? ಕಟ್ಟಬೇಕು, ಒಬ್ಬರ ಹಂತೇಕ ಒಯ್ಯಬೇಕು. ಆವಾಗ ಬುತ್ತಿ."

ಪೇಟೆಯವರು ಮೊಸರನ್ನವನ್ನು ಬಟ್ಟಲಲ್ಲಿಟ್ಟು ಮೊಸರುಬುತ್ತಿ ಎನ್ನುವುದನ್ನು ಕೇಳಿ ಅವಳಿಗೆ ನಗುವೋ ನಗು.

ಮೂರನೆಯ ದಿನದ ಕಾರ್ಯ ಮುಗಿದ ಮರುದಿನ ಅಪ್ಪ ಚಹಾ ಕುಡಿದು ಹೊಲಕ್ಕೆ ಹೋದ. ಒಲೆ ಹೊತ್ತಿತ್ತು. ನಾನು ರೊಟ್ಟಿ ಬಡಿದು, ಪುಂಡಿಪಲ್ಯ ಇಟ್ಟು, ಅವ್ವನ ಅರಿಷಿಣ ಕಲೆಯ ಅರಿವೆಯಲ್ಲಿ ಕಟ್ಟಿದೆ. ಅವಳು ಗಂಟಿನ ನಡುವೆ ಒಂದು ಉಳ್ಳಾಗಡ್ಡಿ ಸಿಕ್ಕಿಸುತ್ತಿದ್ದಳು, ನಾನೂ ಸಿಕ್ಕಿಸಿದೆ.

ಅಪ್ಪ ಬೇವಿನ ಗಿಡದ ಕೆಳಗೆ ಕೂತಿದ್ದ. ನಾನು ಬದುವಿನ ಮೇಲೆ ಬರುವುದನ್ನು ದೂರದಿಂದಲೇ ನೋಡುತ್ತಿದ್ದ. ಬುತ್ತಿಯನ್ನು ಮುಂದಿಟ್ಟೆ. ಉಣ್ಣು ಎನ್ನಲಿಲ್ಲ. ಅಪ್ಪ ಗಂಟು ಬಿಚ್ಚಿ, ಉಳ್ಳಾಗಡ್ಡಿ ತೆಗೆದು ಕಲ್ಲಿನ ಮೇಲಿಟ್ಟು ಗುದ್ದಿ ಒಡೆದ. ರೊಟ್ಟಿ ಮುರಿದ.

"ಎಷ್ಟ್ ದಪ್ಪ ಬಡದಿ ಬೇ, ನಿಮ್ಮವ್ವ ನೋಡಿದ್ರ ಬೈತಿದ್ಲು."

ಬೈಯುತ್ತಲೇ ಎಲ್ಲವನ್ನೂ ಉಂಡ. ಅರಿವೆ ಕೊಡವಿ, ಮಡಚಿ, ನನ್ನ ಕೈಗಿಟ್ಟ.

"ನಾಳಿಗೂ ತರ್ತಿಯೇನವಾ?"

ಮರುದಿನ ನಾನು ವಿಜಾಪುರಕ್ಕೆ ಹಿಂತಿರುಗಬೇಕಿತ್ತು.

"ತರ್ತೇನಿ," ಎಂದೆ.