ನೊರೆ ಬರುವ ಎಲೆ

ದೋಹಾದ ಮುಶೈರಿಬ್‌ನ ಒಂದು ಹಿಂಬೀದಿಯಲ್ಲಿ, ಮೊದಲ ಮಹಡಿಯ ಮಹಿಳಾ ಸಲೂನಿನಲ್ಲಿ ತಲೆ ತೊಳೆಯುವ ಕೆಲಸ ಲೀಲಾಕ್ಷಿಯದು. ಕತ್ತರಿ ಹಿಡಿಯುವವರು, ಬಣ್ಣ ಹಚ್ಚುವವರು ಬೇರೆ. ಗಿರಾಕಿ ಬಂದು ಕುರ್ಚಿಗೆ ಒರಗಿ ಬೇಸಿನ್ನಿನ ಅಂಚಿಗೆ ಕತ್ತು ಇಟ್ಟರೆ ಮುಂದಿನ ಹತ್ತು ನಿಮಿಷ ಇವಳ ಪಾಲು. ಸಾಧಾರಣ ದಿನ ಹದಿನೈದು ತಲೆ, ಗುರುವಾರ ಇಪ್ಪತ್ತೈದು, ಈದ್ ಹತ್ತಿರ ಬಂದರೆ ಲೆಕ್ಕವೇ ಇಲ್ಲ. ಮೂಡುಬಿದಿರೆ ಕಡೆಯವಳು. ಬ್ಯೂಟಿಷಿಯನ್ ಕೋರ್ಸ್ ಮುಗಿಸಿ, ತನಿಯನನ್ನು ಮದುವೆಯಾಗಿ, ಅವನ ಹಿಂದೆ ದೋಹಾಕ್ಕೆ ಬಂದು ಏಳು ವರ್ಷವಾಗಿತ್ತು. ತನಿಯ ಹಮದ್ ಬಂದರಿನಲ್ಲಿ ಕ್ರೇನ್ ರಿಪೇರಿಯವ.

ಬೆರಳ ತುದಿಗೆ ನೆತ್ತಿ ಸಿಕ್ಕರೆ ಸಾಕು, ಇವರು ಈಜುಕೊಳಕ್ಕೆ ಹೋಗುವವರು, ಇವರು ಎಣ್ಣೆ ಮುಟ್ಟದವರು, ಇವರಿಗೆ ಸರಿಯಾಗಿ ನಿದ್ದೆಯಿಲ್ಲ ಎಂದು ಲೀಲಾಕ್ಷಿ ಹೇಳಬಲ್ಲಳು. ನಿದ್ದೆಯ ವಿಷಯ ಹೇಗೆ ಗೊತ್ತಾಗುತ್ತದೆಂದು ಯಾರಾದರೂ ಕೇಳಿದರೆ ಬೆರಳು ಎತ್ತಿ ತೋರಿಸುತ್ತಿದ್ದಳು.

ಹೋದ ವರ್ಷ ಚಳಿಗಾಲದಲ್ಲಿ ಆ ಬೆರಳುಗಳ ಸಂದಿಯಲ್ಲಿ ತುರಿಕೆ ಶುರುವಾಯಿತು. ಮೊದಲು ಕೆಂಪು, ಆಮೇಲೆ ಸಿಪ್ಪೆ ಏಳುವುದು, ಕೊನೆಗೆ ಚರ್ಮ ಬಿರಿದು ಉಪ್ಪು ಖಾರ ಮುಟ್ಟಲಾಗದಂತಾಯಿತು. ಚಳಿಗಾಳಿಗೆ ಎಂದುಕೊಂಡಳು. ಆದರೆ ಅಜ್ಜಿ ತೀರಿಕೊಂಡರೆಂದು ಊರಿಗೆ ಹೋಗಿ ಹನ್ನೆರಡು ದಿನ ಇದ್ದಾಗ, ಪಾತ್ರೆ ತಿಕ್ಕಿದರೂ ಬಟ್ಟೆ ಒಗೆದರೂ ಕೈ ತಾನಾಗಿ ಮಾಗಿತು. ದೋಹಾಕ್ಕೆ ಮರಳಿ ಮೂರನೆಯ ದಿನಕ್ಕೆ ಮತ್ತೆ ಹಳೆಯ ಕತೆ. ಹಾಗಾದರೆ ಗಾಳಿಯದಲ್ಲ, ಬಾಟಲಿಯದು ಎಂದು ಅವಳಿಗೆ ಹೊಳೆಯಿತು.

ಚರ್ಮದ ಡಾಕ್ಟರ್ ಫಾಹಿಮಾ ಉಪ್ಪಳದವರು, ಕನ್ನಡದಲ್ಲೇ ಮಾತಾಡಿಸಿದರು. ಒಂದೊಂದು ರಾಸಾಯನಿಕದ ಚುಕ್ಕೆಯಿದ್ದ ಅಂಟುಪಟ್ಟಿಗಳನ್ನು ಬೆನ್ನಿಗೆ ಸಾಲಾಗಿ ಹಚ್ಚಿ, ಎರಡು ದಿನ ಬೆನ್ನಿಗೆ ನೀರು ತಾಗಿಸಬಾರದು ಎಂದು ಕಳಿಸಿದರು. ಆ ಪಟ್ಟಿ ತೆಗೆದು ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಿದಾಗ ಎರಡು ಕಡೆ ಕೆಂಪಗೆ ಊದಿಕೊಂಡಿತ್ತು.

"ಇದೊಂದು ಶಾಂಪೂ ಕೆಡದ ಹಾಗೆ ಹಾಕುವ ಸಂರಕ್ಷಕ. ಅದು ಪರಿಮಳದ್ದು. ಎರಡೂ ನಿಮ್ಮ ಮೈಗೆ ಆಗುದಿಲ್ಲ."

"ಕೆಲಸ ಬಿಡಬೇಕಾ ಡಾಕ್ಟ್ರೇ?"

"ಬಿಡಿ ಅಂತ ನಾನು ಹೇಳುದಿಲ್ಲ. ಲೇಬಲ್ ಓದಲಿಕ್ಕೆ ಕಲಿಯಿರಿ."

ಸಂರಕ್ಷಕದ ಹೆಸರು ಒಂದು ಗೇಣು ಉದ್ದ ಇತ್ತು. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು. ಮರುದಿನ ಸಲೂನಿನ ಬಾಗಿಲು ತೆಗೆಯುವ ಮೊದಲೇ ಲೀಲಾಕ್ಷಿ ಕಪಾಟಿನ ಹನ್ನೊಂದು ಬಾಟಲಿಗಳನ್ನು ಕೆಳಗಿಳಿಸಿ, ಚೀಟಿ ಹಿಡಿದು, ಇರುವೆಯಂಥ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಏಳರಲ್ಲಿ ಆ ಹೆಸರಿತ್ತು. ಹನ್ನೊಂದರಲ್ಲೂ ಪರಿಮಳವಿತ್ತು. ಅವುಗಳಲ್ಲಿ ಒಂದರ ಮೇಲೆ ದೊಡ್ಡದಾಗಿ ಹಸಿರೆಲೆಯ ಚಿತ್ರವೂ ಇತ್ತು.

ಸಲೂನು ನೋಡಿಕೊಳ್ಳುವ ಪರ್ಲ್ ಮಂಗಳೂರಿನ ಕುಲಶೇಖರದವರು. ಅವರು ಕೈಗವಸು ತರಿಸಿಕೊಟ್ಟರು. ಅದರಿಂದ ಸ್ವಲ್ಪ ಗುಣವಾಯಿತು. ಆದರೆ ಬಿಸಿನೀರು ಮಣಿಕಟ್ಟಿನಿಂದ ಒಳಗೆ ಇಳಿಯುತ್ತಿತ್ತು, ರಬ್ಬರಿಗೆ ಕೂದಲು ಸಿಕ್ಕಿ ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ನೆತ್ತಿ ಈಗ ಅವಳಿಗೆ ಏನೂ ಹೇಳುತ್ತಿರಲಿಲ್ಲ.

ಅವಳಿಗೆ ಅಮ್ಮನ ನೆನಪಾದದ್ದು ಆಗ. ಎಣ್ಣೆಸ್ನಾನದ ದಿನ ಅಮ್ಮ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ಲೋಳೆಲೋಳೆಯಾದ ಗೊಂಪು ಮಾಡುತ್ತಿದ್ದಳು. ಅದರಲ್ಲಿ ನೊರೆಯೆಂಬುದೇ ಇರಲಿಲ್ಲ, ಆದರೂ ಎಣ್ಣೆ ಹೋಗುತ್ತಿತ್ತು. ಹೇಗೆ ಹೋಗುತ್ತಿತ್ತು? ನಿಜವಾಗಿ ಹೋಗುತ್ತಿತ್ತೇ, ಅಥವಾ ಹೋಯಿತೆಂದು ನಾವೇ ಅಂದುಕೊಳ್ಳುತ್ತಿದ್ದೆವೇ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಅವಳಿಗೆ ಸುಮ್ಮನಿರಲಾಗಲಿಲ್ಲ.

ಸಲೂನಿನ ನೆಲದಲ್ಲಿ ಗುಡಿಸಿದ ಕೂದಲನ್ನು ಒಂದು ಚೀಲದಲ್ಲಿ ಮನೆಗೆ ತಂದಳು. ಬೆರಳು ದಪ್ಪದ ಕಟ್ಟುಗಳನ್ನು ಮಾಡಿ ನೂಲು ಸುತ್ತಿದಳು. ಪ್ರತಿಯೊಂದಕ್ಕೂ ಒಂದೊಂದು ಚಮಚ ತೆಂಗಿನೆಣ್ಣೆ. ಒಂದನ್ನು ನರ್ಸರಿಯಿಂದ ತಂದ ದಾಸವಾಳದ ಗೊಂಪಿನಲ್ಲಿ, ಒಂದನ್ನು ಸೀಗೆಪುಡಿಯಲ್ಲಿ, ಒಂದನ್ನು ಕಡಲೆಹಿಟ್ಟಿನಲ್ಲಿ, ಇನ್ನೊಂದನ್ನು ಬರೀ ಬಿಸಿನೀರಿನಲ್ಲಿ ತೊಳೆದು ಒಣಗಿಸಿದಳು. ಆಮೇಲೆ ಟಿಶ್ಯೂ ಕಾಗದದ ನಡುವೆ ಇಟ್ಟು ಒತ್ತಿ, ಎಣ್ಣೆಕಲೆ ಎಷ್ಟು ಅಗಲ ಬಂತೆಂದು ಬೆಳಕಿಗೆ ಹಿಡಿದು ನೋಡಿದಳು.

ಶಿಫ್ಟ್ ಮುಗಿಸಿ ಬಂದ ತನಿಯ ಊಟದ ಮೇಜಿನ ಮೇಲೆ ಕೂದಲ ಸಾಲು ಕಂಡು ನಿಂತುಬಿಟ್ಟ. ಮನೆಯಲ್ಲಿ ಅವರ ಮಾತು ತುಳು, ಅವನು ಕೇಳಿದ್ದು ಇಷ್ಟೇ: "ಯಾರದ್ದಿದು?"

"ಗೊತ್ತಿಲ್ಲ. ಮೂರೋ ನಾಲ್ಕೋ ಜನರದ್ದು ಸೇರಿದೆ. ಕುಳಿತುಕೊಳ್ಳಿ, ನಿಮ್ಮ ತಲೆಯೂ ಬೇಕು."

ಹೆಲ್ಮೆಟ್ಟಿನೊಳಗೆ ದಿನವಿಡೀ ಬೆಂದ ತಲೆ ಅವನದು. ಸೀಗೆ ಹಾಕಿದ ದಿನ ಕಣ್ಣಿಗೆ ಹೋಗಿ ಒಂದು ಗಂಟೆ ಕಣ್ಣೊರೆಸಿಕೊಂಡ. ಕಡಲೆಹಿಟ್ಟು ಹಾಕಿದ ಮರುದಿನ ಬಂದರಿನಲ್ಲಿ ಹೆಲ್ಮೆಟ್ ತೆಗೆದರೆ ಹೆಗಲ ಮೇಲೆ ಹಿಟ್ಟು ಉದುರಿತು. ಗೊಂಪು ತಂಪಾಗಿತ್ತು, ಆದರೆ ಎಣ್ಣೆ ಹೆಚ್ಚಾದರೆ ಅದು ಸೋಲುತ್ತಿತ್ತು. ಟಿಶ್ಯೂ ಕೂಡ ಅದನ್ನೇ ಹೇಳಿತು. ಅಮ್ಮ ಎಣ್ಣೆ ಹೆಚ್ಚಾದ ದಿನ ಗೊಂಪಿಗೆ ಸೀಗೆ ಬೆರೆಸುತ್ತಿದ್ದದ್ದು ಏಕೆಂದು ಲೀಲಾಕ್ಷಿಗೆ ಮೂವತ್ತೆರಡನೆಯ ವಯಸ್ಸಿನಲ್ಲಿ ಅರ್ಥವಾಯಿತು.

ದೇಶದ ಉತ್ತರ ತುದಿಯ ಅಲ್ ಶಮಾಲ್‌ನಿಂದ ತಿಂಗಳಿಗೊಮ್ಮೆ ಬರುವ ಹಿರಿಯ ಹೆಂಗಸೊಬ್ಬರಿದ್ದರು. ಹಿರಿಮಗನ ಹೆಸರಿನಿಂದ ಅವರನ್ನು ಎಲ್ಲರೂ ಉಮ್ ಝಕರಿಯಾ ಎನ್ನುತ್ತಿದ್ದರು. ಇಂಡಿಯಾದ ಜೊತೆ ವ್ಯಾಪಾರವಿದ್ದ ಹಳೆಯ ಕಾಲದವರಾದ್ದರಿಂದ ಅರಬ್ಬಿಯ ಜೊತೆ ಹಿಂದಿ ಬೆರೆಸಿ ಮಾತಾಡುವರು. ಅವರು ಕೈಗವಸು ಕಂಡು ಏನಾಯಿತೆಂದು ಕೇಳಿದರು. ಲೀಲಾಕ್ಷಿ ಗವಸು ತೆಗೆದು ಕೈ ತೋರಿಸಿದಳು.

ಉಮ್ ಝಕರಿಯಾ ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ನಾನು ಹುಡುಗಿಯಾಗಿದ್ದಾಗ ಶಾಂಪೂ ಮಾಫಿ, ಇರಲೇ ಇಲ್ಲ," ಎಂದರು. "ಸಿದ್ರ್ ಇತ್ತು. ಬರೀ ಸಿದ್ರ್. ಅಮ್ಮ ಕುಟ್ಟಿ ಇಡುತ್ತಿದ್ದಳು."

ಮುಂದಿನ ಸಲ ಬರುವಾಗ ಅವರು ತಮ್ಮ ಅಂಗಳದ ಸಿದ್ರ್ ಮರದ ಒಂದು ಕೊಂಬೆಯನ್ನೇ ಚೀಲದಲ್ಲಿ ಹಾಕಿ ತಂದಿದ್ದರು. ಮುಳ್ಳು, ಪುಟ್ಟ ಎಲೆ, ಹಳದಿಗೆ ತಿರುಗಿದ ನಾಲ್ಕಾರು ಹಣ್ಣು. ಲೀಲಾಕ್ಷಿ ಒಂದನ್ನು ಕಚ್ಚಿ ನೋಡಿ ನಕ್ಕಳು. ಶಾಲೆಯ ಗೇಟಿನ ಹತ್ತಿರ ಉಪ್ಪುಖಾರ ಹಚ್ಚಿ ತಿನ್ನುತ್ತಿದ್ದ ಬೋರೆಹಣ್ಣಿನ ಹತ್ತಿರದ ನೆಂಟ ಅದು. ಹಣ್ಣಿಗಾಗಿ ಬೋರೆಗೆ ಎಷ್ಟೋ ಸಲ ಕಲ್ಲೆಸೆದಿದ್ದಳು. ಎಲೆ ಕಡೆ ಯಾವತ್ತೂ ತಿರುಗಿ ನೋಡಿರಲಿಲ್ಲ.

ಒಣಗಿಸಿ ಪುಡಿಮಾಡಿ ನೀರಿಗೆ ಹಾಕಿ ಕಡೆದಳು. ಗೊಂಪಿನ ಹಾಗೆ ಲೋಳೆಯಾಗುತ್ತದೆಂದು ಕಾದರೆ ನೊರೆ ಎದ್ದಿತು, ಬಟ್ಟಲಿನ ಅಂಚು ದಾಟುವಷ್ಟು. ಕೂದಲ ಕಟ್ಟು ತೊಳೆದು ಒತ್ತಿದಾಗ ಟಿಶ್ಯೂ ಮೇಲೆ ಬರೀ ಒಂದು ಹುಬ್ಬಿನಷ್ಟು ಕಲೆ. ಬರಿಗೈಯಲ್ಲಿ ಒಂದು ವಾರ ತನಿಯನ ತಲೆ ತೊಳೆದಳು. ಕೈ ತುರಿಸಲಿಲ್ಲ.

ಅಲ್ಲಿಂದ ಅವಳು ಸ್ವಲ್ಪ ಹಾರಾಡಿದಳು. ಗಿಡದಿಂದ ಬಂದದ್ದೆಲ್ಲ ತನಗೆ ಆಗಿಬರುತ್ತದೆ ಎಂದು ನಂಬಿ, ಕಿತ್ತಳೆಸಿಪ್ಪೆ, ಲ್ಯಾವೆಂಡರ್ ಎಣ್ಣೆ ಸೇರಿಸಿದ ಪುಡಿಯೊಂದನ್ನು ಅಂಗಡಿಯಿಂದ ತಂದು ಮೈಗೂ ಹಚ್ಚಿಕೊಂಡಳು. ಮರುದಿನ ಕತ್ತಿನ ಸುತ್ತ ಉರಿ, ಗುಳ್ಳೆ.

ಡಾಕ್ಟರ್ ಫಾಹಿಮಾ ಬಯ್ಯಲಿಲ್ಲ. "ಪರಿಮಳ ಕಾರ್ಖಾನೆಯದ್ದಾದರೂ ಹೂವಿನದ್ದಾದರೂ ನಿಮ್ಮ ಚರ್ಮಕ್ಕೆ ಒಂದೇ," ಎಂದರು. "ಗಿಡದ್ದಾ ಅಂತ ಕೇಳಬೇಡಿ. ಇದರಲ್ಲಿ ಏನೇನು ಉಂಟು ಅಂತ ಕೇಳಿ."

ಇನ್ನೊಂದು ಪೆಟ್ಟು ಸಲೂನಿನಲ್ಲೇ ಬಿತ್ತು. ಉಮ್ ಝಕರಿಯಾ ಮನೆಯಿಂದ ತಂದ ಪುಡಿಯಲ್ಲಿ ಅವರ ತಲೆಯನ್ನು ಮೂರು ಸಲ ತೊಳೆದದ್ದಕ್ಕೆ ಬೇಸಿನ್ನಿನ ಪೈಪು ಕಟ್ಟಿ, ಹಸಿರು ನೀರು ನೆಲಕ್ಕೆ ಹರಿಯಿತು. ಪರ್ಲ್ ಸೊಂಟಕ್ಕೆ ಕೈಯಿಟ್ಟು ನಿಂತರು.

"ಖಲಾಸ್ ಮಾರಾಯ್ತಿ, ಇನ್ನು ಇದು ಬೇಡ. ತಪಾಸಣೆಗೆ ಬಂದವರು ಲೇಬಲ್ ಇಲ್ಲದ ಪುಡಿ ಕಂಡರೆ ನಾನು ಎಂತ ಹೇಳುದು?"

"ಪುಡಿ ಪೈಪಿಗೆ ಹೋಗದಿದ್ದರೆ? ಲೇಬಲ್ ಇದ್ದದ್ದೇ ತಂದರೆ ಆಗ್ತದಾ ಪರ್ಲಕ್ಕ?"

"ಹೋಗದೆ ಇರುದು ಹೇಗೆ?"

"ನಾಳೆ ತೋರಿಸ್ತೇನೆ."

ಅಂಗಡಿಯಲ್ಲಿ ಪ್ಯಾಕೆಟ್ಟಿನ ಸಿದ್ರ್ ಸಿಗುತ್ತಿತ್ತು, ಪರಿಮಳ ಸೇರಿಸದ್ದು. ಅದನ್ನು ಬಿಸಿನೀರಿನಲ್ಲಿ ನೆನೆಸಿ, ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿ ತಿಳಿನೀರು ಮಾತ್ರ ತೆಗೆದಳು. ಕಡೆದರೆ ಅದಕ್ಕೂ ನೊರೆ ಬಂತು. ಪರ್ಲ್ ತಾವೇ ಕುರ್ಚಿಯಲ್ಲಿ ಒರಗಿ ತಲೆ ಕೊಟ್ಟರು. ಅವರ ಕೂದಲಿಗೆ ಹಾಕಿದ್ದ ಸ್ಪ್ರೇ ಪೂರ್ತಿ ಹೋಗಲಿಲ್ಲ. ಅದನ್ನೂ ಲೀಲಾಕ್ಷಿ ಮುಚ್ಚಿಡದೆ ಹೇಳಿದಳು. ಪರ್ಲ್ ಕೂದಲು ಒಣಗಿಸಿಕೊಂಡು ಬಹಳ ಹೊತ್ತು ಕನ್ನಡಿ ನೋಡಿ, "ಮಂಗಳವಾರ ಬೆಳಿಗ್ಗೆ ಜನ ಕಡಿಮೆ. ಕೇಳಿದವರಿಗೆ ಮಾತ್ರ ಮಾಡು," ಎಂದರು.

ಕೇಳಿದವರು ಮೊದಲ ತಿಂಗಳು ಮೂವರು. ಒಬ್ಬಾಕೆ ಸಿದ್ರ್ ಎಂಬ ಹೆಸರು ಕೇಳಿದ್ದೇ ಹಿಂದೆ ಸರಿದರು. ಏಕೆಂದು ಲೀಲಾಕ್ಷಿ ಉಮ್ ಝಕರಿಯಾ ಬಳಿ ವಿಚಾರಿಸಿದಾಗ ಅವರು ಮೆಲ್ಲಗೆ ಹೇಳಿದರು: "ತೀರಿಕೊಂಡವರನ್ನೂ ನಾವು ಸಿದ್ರ್ ನೀರಿನಲ್ಲೇ ತೊಳೆಯುತ್ತೇವೆ. ಆಕೆಗೆ ಯಾರದೋ ನೆನಪಾಗಿರಬೇಕು. ನನ್ನ ಅಮ್ಮನನ್ನು ನಾನೇ ತೊಳೆದೆ." ಆ ದಿನ ಅವರ ತಲೆಯ ಮೇಲೆ ಲೀಲಾಕ್ಷಿಯ ಕೈ ಎಂದಿಗಿಂತ ನಿಧಾನವಾಗಿ ಓಡಿತು.

ಈಗ ಸಲೂನಿನಲ್ಲಿ ಪರಿಮಳವಿಲ್ಲದ, ಆ ಸಂರಕ್ಷಕ ಇಲ್ಲದ ಒಂದು ಶಾಂಪೂ ಅವಳಿಗಾಗಿ ಇದೆ. ಬಣ್ಣ ಹಚ್ಚಿದ ತಲೆಗಳಿಗೆ ಬೇರೆ ಶಾಂಪೂ ಬೇಕಾದ್ದರಿಂದ ಅವನ್ನು ಬೇರೆಯವರು ತೊಳೆಯುತ್ತಾರೆ. ಮಂಗಳವಾರದ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿವೆ. ಅವಳ ಕೈ ಮಾಗಿದೆ. ಬಲಗೈ ಹೆಬ್ಬೆರಳ ಬುಡ ಮಾತ್ರ ಒರಟಾಗಿಯೇ ಉಳಿದಿದೆ.

ಈ ಫೆಬ್ರವರಿಯ ಒಂದು ಶುಕ್ರವಾರ ಉಮ್ ಝಕರಿಯಾ ಕರೆದರೆಂದು ಗಂಡಹೆಂಡತಿ ಅಲ್ ಶಮಾಲ್‌ಗೆ ಹೋದರು. ಊಟವಾದ ಮೇಲೆ ಲೀಲಾಕ್ಷಿ ಅಂಗಳದ ಮರದ ಕೆಳಗೆ ನಿಂತು ಚಿಗುರೆಲೆ ಒಂದು ಹಿಡಿ, ಬಲಿತ ಎಲೆ ಒಂದು ಹಿಡಿ ಕಿತ್ತಳು. ಯಾವುದರಲ್ಲಿ ನೊರೆ ಹೆಚ್ಚು ಎಂದು ಉಮ್ ಝಕರಿಯಾರನ್ನು ಕೇಳಿದಳು. ಎಪ್ಪತ್ತು ವರ್ಷದಿಂದ ಆ ಎಲೆಯನ್ನು ಬಲ್ಲ ಅವರು ಯೋಚಿಸಿ, ತಮಗೆ ಗೊತ್ತಿಲ್ಲ, ಯಾರೂ ಕೇಳಿರಲಿಲ್ಲ ಎಂದರು. ಆಮೇಲೆ ಒಳಗೆ ಹೋಗಿ ತಾವೇ ಎರಡು ಗಾಜಿನ ಬಾಟಲಿ, ಒಂದು ಒರಳು ತಂದರು. ಲೀಲಾಕ್ಷಿ ಎರಡನ್ನೂ ಬೇರೆ ಬೇರೆ ಅರೆದು ಬಾಟಲಿಗಳಿಗೆ ಹಾಕಿ ನೀರು ತುಂಬಿದಳು. ತನಿಯ ಒಂದು ಬಾಟಲಿ, ಉಮ್ ಝಕರಿಯಾ ಇನ್ನೊಂದು ಹಿಡಿದು ಕುಲುಕಿ ಕಟ್ಟೆಯ ಮೇಲಿಟ್ಟರು. ಮೂವರೂ ಬಗ್ಗಿ ನೊರೆ ಇಳಿಯುವುದನ್ನು ನೋಡುತ್ತ ಕುಳಿತರು.