ಗುರುತು ಸಿಕ್ಕಿದ ದನಿ

ಸತ್ತವರು ಓಗೊಡುತ್ತಾರೆ ಎಂದು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದವನು ನಾನು. ತೊಕ್ಕೊಟ್ಟಿನಲ್ಲಿ ಮೂವತ್ತು ವರ್ಷ ರೇಡಿಯೋ, ಮಿಕ್ಸಿ ರಿಪೇರಿ ಮಾಡಿದವನಿಗೆ ಶಬ್ದವೆಂದರೆ ತಂತಿ, ಕರೆಂಟು, ಸ್ಪೀಕರು, ಅಷ್ಟೇ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ತೂಗಿ ನೋಡಿ.

ಐದು ವರ್ಷದ ಹಿಂದೆ ನನಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಕೈಕಾಲು ಸರಿಯಾಯಿತು, ಮಾತೂ ಉಳಿಯಿತು. ಹೋದದ್ದು ದನಿಯ ಗುರುತು ಮಾತ್ರ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಿದವರು ಯಾರೆಂದು ಮುಖ ನೋಡದೆ ತಿಳಿಯುವುದಿಲ್ಲ. ಮಾತಿನ ಅರ್ಥ ಹಿಡಿಯುವುದು ಮೆದುಳಿನ ಒಂದು ಕಡೆ, ದನಿಯ ಗುರುತು ಹಿಡಿಯುವುದು ಇನ್ನೊಂದು ಕಡೆ ಎಂದರು ಡಾಕ್ಟರು. ಸ್ಪೀಕರ್ ಸರಿ ಇದೆ, ಸ್ಟೇಷನ್ ಯಾವುದೆಂದು ಗೊತ್ತಾಗುವುದಿಲ್ಲ ಅಂದುಕೊಳ್ಳಿ. ಹೆಂಡತಿ ಸುಮತಿ ಒಮ್ಮೆ ಪಕ್ಕದ ಮನೆಯ ಫೋನಿನಿಂದ ಮಾತಾಡಿದಾಗ ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ. ಆ ದಿನ ಅವಳು ಅತ್ತಳು. ನನಗೂ ಅವಳ ದನಿಯನ್ನು ಇನ್ನೊಮ್ಮೆ ಅವಳದೇ ಎಂದು ಕೇಳುವುದಕ್ಕಿಂತ ದೊಡ್ಡ ಆಸೆ ಉಳಿದಿರಲಿಲ್ಲ. ಕನಸಿನಲ್ಲೂ ಎಲ್ಲರೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು.

ಎರಡು ವರ್ಷದ ಹಿಂದೆ ಕೂಳೂರಿನಲ್ಲಿದ್ದ ಅಣ್ಣ ತೀರಿಕೊಂಡ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಕತ್ತಲಾದ ಮೇಲೆ ನಮ್ಮಲ್ಲಿ ಸತ್ತವರನ್ನು ಒಳಗೆ ಕರೆಯುವ ಕ್ರಮವಿದೆ. ಎಲೆ ಹಾಕಿ ಬಡಿಸಿಟ್ಟು, ಅಂಗಳಕ್ಕೆ ಮುಖಮಾಡಿ ಮೂರು ಸಲ ಕರೆಯಬೇಕು. ಅತ್ತಿಗೆ ನನ್ನನ್ನೇ ಕರೆಯಲು ಹೇಳಿದರು. "ಅಣ್ಣಾ, ಉಲಾಯಿ ಬಲ" ಎಂದೆ. ಒಳಗೆ ಬಾ ಎಂದು. ಬಾಯಿಗೆ ಬಂತೇ ಹೊರತು ಮನಸ್ಸಿನಲ್ಲಿ ಏನೂ ಇರಲಿಲ್ಲ.

ಮೂರನೇ ಸಲ ಕರೆದಾಗ ಅಂಗಳದ ಕತ್ತಲೆಯಿಂದ "ಬತ್ತೆ ಮಾರಾಯ" ಎಂದು ಕೇಳಿತು. ಬಂದೆ ಎಂದು. ಅಣ್ಣನ ದನಿ! ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ಕೂಗಿ ಕೂಗಿ ಒಡೆದ ದನಿ. ಮೂರು ವರ್ಷದಲ್ಲಿ ನನಗೆ ಗುರುತು ಸಿಕ್ಕಿದ ಮೊದಲ ದನಿ. ನನಗೆ ಹೆದರಿಕೆಯಾಗಲಿಲ್ಲ, ಸಂತೋಷವಾಯಿತು, ನಾಚಿಕೆಯಿಲ್ಲದೆ ಅತ್ತೆ. ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ.

"ಮನಸ್ಸು ಬಯಸಿದ್ದನ್ನು ಮೆದುಳೇ ಕಟ್ಟಿಕೊಡ್ತದೆ, ತಲೆಬಿಸಿ ಮಾಡ್ಬೇಡಿ" ಎಂದರು ಡಾಕ್ಟರು. ಒಪ್ಪಿದೆ. ಆದರೆ ನಾನು ಬಯಸಿದ್ದು ಸುಮತಿಯ ದನಿಯನ್ನಲ್ಲವೇ? ಆಮೇಲೆ ಮತ್ತೆ ಎಲ್ಲರ ದನಿಯೂ ಮೊದಲಿನ ಹಾಗೆ ಯಾರದೋ ದನಿಯಾಯಿತು.

ಕಳೆದ ತಿಂಗಳು ಮಧ್ಯಾಹ್ನ ಪೇಪರ್ ಓದುತ್ತಿದ್ದೆ. ಹಿತ್ತಲಿನಿಂದ ಕೇಳಿತು: "ಕಿಟಕಿ ಹಾಕಿ, ಮಳೆ ಬರ್ತಾ ಉಂಟು."

ಸುಮತಿ! ಕೊನೆಯ ಅಕ್ಷರವನ್ನು ಸ್ವಲ್ಪ ಎಳೆಯುವ ಅವಳದೇ ದನಿ. ನಾನು ಕುಣಿಯಬೇಕಿತ್ತು. ಆದರೆ ಇದಕ್ಕೆ ಮೊದಲು ನನಗೆ ಗುರುತು ಸಿಕ್ಕಿದ್ದು ಯಾರ ದನಿ ಎಂದು ನೆನಪಾಗಿ ಹಿತ್ತಲಿಗೆ ಓಡಿದೆ.

ಅವಳು ಬಟ್ಟೆ ತೆಗೆಯುತ್ತಿದ್ದಳು. ನಾನು ಕೈ ಹಿಡಿದು ನೋಡಿದೆ, ಬೆಚ್ಚಗಿತ್ತು. "ಎಂತ ಆಯ್ತು? ಯಾಕೆ ಹಾಗೆ ನೋಡ್ತೀರಿ?" ಎಂದಳು. ಆ ಮಾತೂ ಅವಳ ದನಿಯಲ್ಲೇ ಇತ್ತು.

ಅವಳ ರಕ್ತ, ಹೃದಯ ಎಲ್ಲ ಪರೀಕ್ಷೆ ಮಾಡಿಸಿದೆ. ಯಾವ ದೋಷವೂ ಇಲ್ಲ. ನನಗೆ ಈಗಲೂ ಬೇರೆ ಯಾರ ದನಿಯ ಗುರುತೂ ಸಿಗುವುದಿಲ್ಲ, ಅವಳದೊಂದೇ ಸಿಗುತ್ತದೆ. ಯಾಕೆಂದು ಡಾಕ್ಟರಿಗೂ ಗೊತ್ತಿಲ್ಲ. ಅವಳಿಗೆ ನಾನು ಇದನ್ನು ಹೇಳಿಲ್ಲ. ದಿನಾ ಬೆಳಿಗ್ಗೆ ಅವಳು ಚಾ ತಂದು ಕರೆಯುವ ಮೊದಲು ಕಣ್ಣು ಮುಚ್ಚಿಕೊಂಡು ಬೇಡಿಕೊಳ್ಳುತ್ತೇನೆ, ಇವತ್ತಾದರೂ ಅದು ಯಾರದೋ ದನಿಯಾಗಿರಲಿ ಎಂದು.