ಗುಂಡಾಚಾರ್ರ ಹಿಂದಿನ ಗಾಲಿ

ಅಥವಾ ಗಾಲಿ ಸರಿಮಾಡಿಸಲು ಬಂದ ಯಾರದೋ ಮನೆಯ ಆ ಅಜ್ಜಿ ಕಾರಿನೊಳಗೆ ಕೂತಿರಲೇ ಇಲ್ಲವೋ ಏನೋ. ನನ್ನ ನೆನಪಿನಲ್ಲಂತೂ ಕೂತಿದ್ದಾಳೆ: ತೊಡೆಯ ಮೇಲೆ ಬುತ್ತಿಗಂಟು, ತಲೆಯ ಮೇಲೆ ಸೆರಗು, ಎಲ್ಲಿಗೂ ಹೋಗದ ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತ. ಪಕ್ಕದಲ್ಲಿ ಸೊಸೆ, ಮೊಮ್ಮಕ್ಕಳು. ಕಾರಿನ ಹಿಂದೆ, ನೆಲಕ್ಕೆ ಎದೆ ಹಚ್ಚಿ ಮಲಗಿದ ಗುಂಡಾಚಾರ್ರು ಕೂಗುತ್ತಿದ್ದಾರೆ: “ಎಲ್ಲಾರೂ ಕುಂತೀರೇನು? ಉಸುರು ಹಿಡೀಬ್ಯಾಡ್ರಿ, ಆರಾಮ ಕೂಡ್ರಿ!” ಇದು ಒಂದೇ ದಿನ ಕಂಡದ್ದೋ, ಹಲವು ದಿನಗಳನ್ನು ನಾನೇ ಹೊಲಿದು ಮಾಡಿದ್ದೋ, ಹೇಳಲಾರೆ.

ಸವದತ್ತಿಯಲ್ಲಿ ನಮ್ಮ ಮನೆಯೆದುರೇ ಅವರ ತಗಡಿನ ಶೆಡ್ಡು. ಕಾರುಗಳ ಗಾಲಿ ನೆಟ್ಟಗಿವೆಯೇ ಎಂದು ನೋಡಿ ಸರಿಮಾಡುವುದು ಅವರ ಕೆಲಸ. ಮುರಗೋಡ ಕಡೆಯ ಅರ್ಚಕರ ಮನೆತನ. “ನಮ್ಮಜ್ಜ ದೇವರ ಮುಂದ ಅಡ್ಡ ಬೀಳ್ತಿದ್ದ, ನಾ ಮಂದಿ ಕಾರಿನ ಹಿಂದ ಬೀಳ್ತೀನಿ,” ಎಂದು ತಾವೇ ನಗುತ್ತಿದ್ದರು. ಮುಂದಿನ ಗಾಲಿಗಳನ್ನು ಬೇಗ ಮುಗಿಸಿಬಿಡುವರು. “ಮುಂದಿನ ಗಾಲಿಗೆ ಬುದ್ಧಿ ಹೇಳಬಹುದು. ಸಣ್ಣ ಗಾಡಿ ಹಿಂದಿನ ಗಾಲಿ ಹುಟ್ಟಿಧಂಗ ಸಾಯ್ತದ.” ಅಂಥ ಕಾರುಗಳಲ್ಲಿ ಹಿಂದಿನ ಗಾಲಿಯ ವಾಲುವಿಕೆಯನ್ನು ಬೋಲ್ಟು ತಿರುವಿ ತಿದ್ದಲು ಬರುವುದಿಲ್ಲ. ಗುಂಡಿಗೆ ಬಿದ್ದು ಗಾಲಿಯ ತಲೆ ಒಳಕ್ಕೆ ವಾಲಿದರೆ, ಅದು ಕೂರುವ ಜಾಗದಲ್ಲಿ ತೆಳ್ಳನೆಯ ಲೋಹದ ಬಿಲ್ಲೆ ಸೇರಿಸಿ ನೆಟ್ಟಗೆ ನಿಲ್ಲಿಸಬೇಕು.

ಖಾಲಿ ಕಾರನ್ನು ಮಾತ್ರ ಅವರು ಅಳೆಯುತ್ತಿರಲಿಲ್ಲ. “ಖಾಲಿ ಗಾಡಿ ಸುಳ್ಳು ಹೇಳ್ತದ. ಭಾರ ಬಿದ್ದಾಗ ಗಾಲಿ ಹೆಂಗ ವಾಲ್ತದ ನೋಡಬೇಕು. ಮನಿ ಮಂದೀನ್ನೆಲ್ಲಾ ಕರಕೊಂಡು ಬರ್ರಿ.” ಒಮ್ಮೆ ಹೂಲಿಯ ರೈತನೊಬ್ಬ ಒಬ್ಬನೇ ಬಂದ.

“ಆಚಾರ್ರ, ಹೆಂಡ್ತಿ ತವರಿಗೆ ಹೋಗ್ಯಾಳ್ರಿ. ಗಾಲಿ ಸಲುವಾಗಿ ಅಕಿನ್ನ ಕರಸ್ಲೇನ್ರಿ?”

“ಕರಸ್ರಿ. ಗಾಲಿ ನೆವದಾಗ ಸಂಸಾರನೂ ನೆಟ್ಟಗಾಗ್ಲಿ.”

ಬೈಲಹೊಂಗಲದಿಂದ ಬಂದಿದ್ದ ಗಾಡಿ ರಿಪೇರಿಯ ಮೇಸ್ತ್ರಿಯೊಬ್ಬ ಇದನ್ನೆಲ್ಲ ನೋಡಿ ಗಹಗಹಿಸಿದ್ದ: “ಈ ನಮೂನಿ ಗಾಡಿ ಹಿಂದಿನ ಅಚ್ಚು ಒಂದ ತುಂಡು ಐತ್ರಿ. ಮಂದಿ ಕುಂದ್ರಲಿ, ಆನಿ ಕುಂದ್ರಲಿ, ಗಾಲಿ ವಾಲೂದು ಅಷ್ಟ. ಆಚಾರ್ರು ಗಾಲಿಗೂ ಮಡಿ ಉಡಸ್ತಾರ.” ಆಚಾರ್ರು ತಲೆಯೆತ್ತದೆ ಹೇಳಿದ್ದು: “ಉಡಸ್ತೀನಿ. ನೀವು ದೂರ ನಿಂದರ್ರಿ, ಮುಟ್ಟಬ್ಯಾಡ್ರಿ.”

ಅವರ ತಮ್ಮ ವಾಸು ರಾಮದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತ. ದಿನವೂ ತನ್ನ ಸಣ್ಣ ಕಾರಿನಲ್ಲಿ ಒಬ್ಬನೇ ಹೋಗಿಬರುತ್ತಿದ್ದ. ಆ ಕಾರಿನ ಹಿಂದಿನ ಗಾಲಿಗೆ ಅಣ್ಣನೇ ಬಿಲ್ಲೆ ಹಾಕಿಕೊಟ್ಟಿದ್ದರು. ಕೆಲವು ದಿನಗಳ ಮೇಲೆ, ತುಂತುರು ಮಳೆಯಲ್ಲಿ, ರಾಮದುರ್ಗದ ದಾರಿಯ ತಿರುವಿನಲ್ಲಿ ಕಾರು ಬೇವಿನ ಮರಕ್ಕೆ ಬಡಿಯಿತು. ವಾಸುವಿನ ಜೀವ ಅಲ್ಲೇ ಹೋಯಿತು. ಹೊಲದಲ್ಲಿದ್ದವರು ಅಂದರು: “ಗಾಡಿ ಹಿಂದಿನ ಭಾಗ ಮೊದಲ ಜಾರಿತ್ರಿ.” ಮಳೆ, ರಸ್ತೆ, ವೇಗ — ಕಾರಣ ಯಾವುದಾದರೂ ಇರಬಹುದಿತ್ತು. ಆಚಾರ್ರ ಕಿವಿಯಲ್ಲಿ ನಿಂತದ್ದು ಆ ಒಂದೇ ಮಾತು.

ಸೂತಕ ಕಳೆದ ಮೇಲೆ ನಮ್ಮ ಮನೆಗೆ ಬಂದರು. ಕೂರಲಿಲ್ಲ.

“ಮಾಸ್ತರ್ರ, ವಾಸೂನ ಗಾಡಿ ಅಳದ ದಿನ ನೀವು ಈ ಕಟ್ಟಿ ಮ್ಯಾಲ ಇದ್ರಿ. ಒಳಗ ಯಾರ್ಯಾರು ಕುಂತಿದ್ರು?”

“ನೀವ ಅಲ್ಲೇ ಇದ್ರಲ್ಲ, ಆಚಾರ್ರ.”

“ನಾ ಕೆಳಗಿದ್ದೆ. ನನಗ ಬರೇ ಗಾಲಿ ಕಾಣ್ತಿತ್ತು. ಎಲ್ಲಾರೂ ಕುಂತೀರೇನು ಅಂದೆ, ಒಳಗಿಂದ ಹೂಂ ಅಂತ ಬಂತು. ಅದು ವಾಸು ಒಬ್ಬನ ಅಂದದ್ದೋ, ಹೆಂಡ್ತಿ ಮಕ್ಕಳೂ ಇದ್ರೋ? ತುಂಬಿದ ಗಾಡಿಗೆ ನೆಟ್ಟಗ ಮಾಡಿದ್ರ, ಖಾಲಿ ಗಾಡಿಗೆ ಅದು ನೆಟ್ಟಗಲ್ಲ. ಅಂವ ಹೋಗ್ತಿದ್ದದ್ದು ಒಬ್ಬನ.”

“ವಾಸು ಅವರ ಮನಿಯವರ್ನ ಕೇಳ್ರಿ.”

“ಏನಂತ ಕೇಳ್ಲಿ? ಕೇಳಿದ್ರ ನನ್ನ ಸಂಶಯ ಅಕೀಗೆ ತಿಳಿಯಂಗಿಲ್ಲೇನು?”

ಸಮಾಧಾನಕ್ಕೆಂದು ಬೈಲಹೊಂಗಲದ ಮೇಸ್ತ್ರಿಯ ಮಾತನ್ನು ನೆನಪಿಸಿದೆ. ಮಂದಿ ಕೂತರೂ ಕೂರದಿದ್ದರೂ ವ್ಯತ್ಯಾಸವಿಲ್ಲ ಎಂದಿದ್ದನಲ್ಲ?

“ಅವಂದು ಖರೇ ಇದ್ರ ತಮ್ಮ ನನ್ನ ಕೈಯಾಗ ಸತ್ತಿಲ್ಲ. ಆದ್ರ ಇಷ್ಟು ವರ್ಷ ಮುದುಕ್ಯಾರನ್ನ, ಕೂಸುಗಳನ್ನ ಬಿಸಿಲಾಗ ಸುಮ್ಮಸುಮ್ಮನ ಕೂಡಿಸಿದೆ. ನಂದು ಖರೇ ಇದ್ರ...”

ನಾನು ಕಣ್ಣು ಮುಚ್ಚಿ ಆ ದಿನವನ್ನು ನೆನೆಸಿಕೊಂಡೆ. ಕಿಟಕಿಯ ಮೇಲೆ ಹಸಿರು ಬಳೆಯ ಕೈ ಕಂಡಿತು. ಅದು ವಾಸುವಿನ ಹೆಂಡತಿಯ ಕೈ ಎಂದುಕೊಳ್ಳುವಷ್ಟರಲ್ಲಿ ಬೇರಾರದೋ ಆಯಿತು. ಆಮೇಲೆ ವಾಸು ಒಬ್ಬನೇ ಕೂತು ಪೇಪರ್ ಓದುತ್ತಿದ್ದುದು ಕಂಡಿತು. ಎರಡೂ ಒಂದೇ ಸಮನೆ ಸ್ಪಷ್ಟ. “ನೆನಪಿಲ್ರಿ,” ಎಂದೆ. “ಇರ್ಲಿ ಬಿಡ್ರಿ,” ಎಂದು ಮೆಟ್ಟಿಲಿಳಿದರು.

ಮತ್ತೆ ಶೆಡ್ಡು ತೆರೆಯಲಿಲ್ಲ. ಕಿತ್ತೂರಿನ ತಂಗಿಯ ಮನೆಗೆ ಹೋದರು. ಮುಂದಿನ ಬೇಸಿಗೆಯಲ್ಲಿ ಅಲ್ಲಿಯೇ ತೀರಿಕೊಂಡ ಸುದ್ದಿ ಬಂತು.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ವಾಸುವಿನ ಹೆಂಡತಿ ಸಿಕ್ಕಿದ್ದರು. ಮಗಳ ಪರೀಕ್ಷೆಯ ವಿಷಯ ಮಾತಾಡಿದರು. ಕೇಳಬಹುದಿತ್ತು. ಬಸ್ ಬರುವ ತನಕ ಇಬ್ಬರೇ ನಿಂತಿದ್ದೆವು, ನಾನು ಕೇಳಲಿಲ್ಲ. ಆ ದಿನ ಕಾರಿನೊಳಗೆ ಯಾರಿದ್ದರು ಎಂದು ನನಗೆ ಗೊತ್ತಿಲ್ಲ. ಯಾರಿದ್ದರೂ ಗಾಲಿಗೆ ಅದರಿಂದ ಏನಾದರೂ ಆಗುತ್ತಿತ್ತೇ, ಅದೂ ಗೊತ್ತಿಲ್ಲ.